ಸಹಿಯನ್ನು ಕೊನೆಗೆ ನೋಡಿ: ಪಿಕಾಸೊ, ಶಗಾಲ್, ವಾರ್ಹಾಲ್ ಅಚ್ಚುಚಿತ್ರಗಳನ್ನು ಕೊಳ್ಳುವ ಮುನ್ನ ಪರೀಕ್ಷಿಸುವ ಸಮಗ್ರ ಮಾರ್ಗದರ್ಶಿ

ಪಿಕಾಸೊನ ಎಚ್ಚಿಂಗ್ (ಆಮ್ಲದಲ್ಲಿ ಕೊರೆದ ತಗಡಿನಿಂದ ಒತ್ತಿದ ಚಿತ್ರ) ಎಂದು ನಂಬಿ ಕೊಂಡದ್ದು ಯಂತ್ರದಲ್ಲಿ ಅಚ್ಚಾದ ಆಫ್‌ಸೆಟ್ ಪೋಸ್ಟರ್ ಆಗಿರುತ್ತದೆ. ಇಲ್ಲವೇ ಶಗಾಲನ ಲಿಥೋಗ್ರಾಫ್ (ಕಲ್ಲಿನ ಮೇಲೆ ಬರೆದು ಒತ್ತಿದ ಚಿತ್ರ) ನಿಜವಾದದ್ದೇ ಆಗಿದ್ದು, ಅದರ ಮೇಲಿನ ಪೆನ್ಸಿಲ್ ಸಹಿಯನ್ನು ಮಾತ್ರ ಆಮೇಲೆ ಯಾರೋ ಹಾಕಿರುತ್ತಾರೆ. ಆನ್‌ಲೈನ್ ಹರಾಜುಗಳಲ್ಲಿ, ಹಳೆಯ ವಸ್ತುಗಳ ಅಂಗಡಿಗಳಲ್ಲಿ, ವಿಹಾರ ನೌಕೆಗಳ ಮಾರಾಟದಲ್ಲಿ ಕೊಂಡವರು ಹೇಳುವ ದೂರುಗಳಲ್ಲಿ ಬಹುಪಾಲು ಈ ಎರಡೇ. ಹಣ ಕಳೆದುಕೊಂಡವರು ಅಜಾಗರೂಕರೇನೂ ಅಲ್ಲ. ಅವರು ಪರೀಕ್ಷೆಯ ಕ್ರಮವನ್ನು ತಲೆಕೆಳಗು ಮಾಡಿರುತ್ತಾರೆ. ಮೊದಲು ಸಹಿ, ಆಮೇಲೆ ಸರ್ಟಿಫಿಕೇಟ್, ಕೊನೆಗೆ ಸಮಯವಿದ್ದರೆ ಹಾಳೆ. ಸಹಿಯನ್ನು ಯಾರು ಬೇಕಾದರೂ ಅನುಕರಿಸಬಹುದು. ತಾಮ್ರದ ತಗಡನ್ನು ಆಮ್ಲದಲ್ಲಿ ಕೊರೆದು, ಒದ್ದೆ ಕಾಗದವನ್ನು ಅದರ ಮೇಲೆ ಒತ್ತಿದಾಗ ಉಳಿಯುವ ಕುರುಹುಗಳನ್ನು ಅನುಕರಿಸುವುದು ಅಷ್ಟು ಸುಲಭವಲ್ಲ. ಆದ್ದರಿಂದ ಶಾಯಿ, ತಗಡಿನ ಗುರುತು, ಕಾಗದ, ಅಳತೆ, ಸಂಖ್ಯೆ, ಸಹಿ ಎಂಬ ಕ್ರಮದಲ್ಲಿಯೇ ಮುಂದುವರಿಯಿರಿ. ಒಂದು ಹಂತದಲ್ಲಿ ಹಾಳೆ ಸೋತರೆ ಅಲ್ಲಿಗೇ ನಿಲ್ಲಿಸಿ. ಮುಂದಿನ ಹಂತ ಅದನ್ನು ಕಾಪಾಡುವುದಿಲ್ಲ.

## ಬೇಕಾಗುವ ಸಲಕರಣೆಗಳು

ಆಭರಣದ ಅಂಗಡಿಯವರು ಬಳಸುವಂಥ, ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ. ಸಣ್ಣ ಎಲ್‌ಇಡಿ ಟಾರ್ಚ್. ಮಿಲಿಮೀಟರ್ ಗುರುತುಗಳಿರುವ ಪ್ಲಾಸ್ಟಿಕ್ ಅಥವಾ ಬಟ್ಟೆಯ ಅಳತೆಪಟ್ಟಿ (ಲೋಹದ ಪಟ್ಟಿ ಕಾಗದವನ್ನು ಗೀಚುತ್ತದೆ). 365 ನ್ಯಾನೋಮೀಟರಿನ ಅತಿನೇರಳೆ ಟಾರ್ಚ್. ಟಿಪ್ಪಣಿಗೆ ಪೆನ್ಸಿಲ್, ಹಾಳೆಯ ಹತ್ತಿರ ಪೆನ್ನು ತರಲೇಬೇಡಿ.

ಹತ್ತಿಯ ಕೈಗವಸು ಬೇಕಿಲ್ಲ. ಅದರಿಂದ ಬೆರಳಿನ ಸೂಕ್ಷ್ಮತೆ ಹೋಗಿ ಕಾಗದದ ಅಂಚು ಹರಿಯುವ ಅಪಾಯವೇ ಹೆಚ್ಚು. ಸೋಪಿನಿಂದ ತೊಳೆದು ಚೆನ್ನಾಗಿ ಒರೆಸಿದ ಕೈಗಳು ಸಾಕು.

## ಹಂತ 1: ಚೌಕಟ್ಟಿನಿಂದ ಹೊರತೆಗೆಸಿ

ಗಾಜಿನ ಹಿಂದಿರುವ ಹಾಳೆಯನ್ನು ಪರೀಕ್ಷಿಸಲು ಸಾಧ್ಯವಿಲ್ಲ. ಸುತ್ತಲಿನ ರಟ್ಟಿನ ಕಿಟಕಿ ಅಂಚುಗಳನ್ನು ಮುಚ್ಚುತ್ತದೆ. ಕತ್ತರಿಸಿದ ಅಂಚು, ಅಂಟಿಸಿದ ಟೇಪು, ವಾಟರ್‌ಮಾರ್ಕ್ (ಕಾಗದ ತಯಾರಿಸುವಾಗಲೇ ಮೂಡಿಸಿದ, ಬೆಳಕಿಗೆ ಹಿಡಿದರೆ ಕಾಣುವ ಗುರುತು), ಹಿಂಬದಿಯ ಬರಹ ಎಲ್ಲವೂ ಅಲ್ಲಿಯೇ ಅಡಗಿರುತ್ತವೆ. ಮಾರುವವರು ‘ಚೌಕಟ್ಟು ತೆರೆದರೆ ಹಾಳಾಗುತ್ತದೆ’ ಎಂದರೆ ಅದು ಮೊದಲ ಎಚ್ಚರಿಕೆಯ ಗಂಟೆ.

ದೂರದಿಂದ ಕೊಳ್ಳುವವರು ಈ ಐದು ಚಿತ್ರಗಳನ್ನು ಕೇಳಿ: ಚೌಕಟ್ಟಿಲ್ಲದ ಪೂರ್ತಿ ಹಾಳೆ, ಅದರ ಹಿಂಬದಿ, ಬೆಳಕಿಗೆ ಎದುರಾಗಿ ಹಿಡಿದ ಹಾಳೆ, ಚಿತ್ರದ ಒಂದು ಮೂಲೆಯ ಅತಿ ಸಮೀಪದ ನೋಟ, ಸಹಿ ಮತ್ತು ಸಂಖ್ಯೆ. ಮೊಬೈಲಿಗೆ ಭೂತಗನ್ನಡಿಯನ್ನು ತಾಗಿಸಿ ತೆಗೆದರೂ ನಡೆಯುತ್ತದೆ. ಐದರಲ್ಲಿ ಸಹಿಯ ಚಿತ್ರ ಮಾತ್ರ ಬಂದರೆ ಮುಂದುವರಿಯಬೇಡಿ.

## ಹಂತ 2: ಶಾಯಿಯನ್ನು ಓದಿ

ಹೆಚ್ಚು ಹೊತ್ತು ಕೊಡಬೇಕಾದ ಹಂತ ಇದು. ಮೊದಲು ಮನೆಯಲ್ಲಿ ಅಭ್ಯಾಸ ಮಾಡಿ: ಬಣ್ಣದ ಫೋಟೋ ಇರುವ ಲಗ್ನಪತ್ರಿಕೆಯನ್ನೋ ಪತ್ರಿಕೆಯ ಪುರವಣಿಯನ್ನೋ ಭೂತಗನ್ನಡಿಯ ಕೆಳಗೆ ಇಡಿ. ನೀಲಿ, ಕೆನ್ನೇರಳೆ, ಹಳದಿ, ಕಪ್ಪು ಚುಕ್ಕೆಗಳು ಪುಟ್ಟ ಹೂವಿನ ಆಕಾರದಲ್ಲಿ ಸಾಲುಗಟ್ಟಿರುವುದು ಕಾಣುತ್ತದೆ. ಇದು ಆಫ್‌ಸೆಟ್ ಮುದ್ರಣದ ಗುರುತು. ಪಿಕಾಸೊ, ಶಗಾಲ್, ಮಿರೋ ಹೆಸರಿನ ಹಾಳೆಯಲ್ಲಿ ಈ ನಾಲ್ಕು ಬಣ್ಣದ ಚುಕ್ಕೆ ಹೂಗಳು ಕಂಡರೆ ನಿಮ್ಮ ಕೈಯಲ್ಲಿರುವುದು ಮೂಲ ಕೃತಿಯ ಫೋಟೋದಿಂದ ಮಾಡಿದ ಪ್ರತಿ.

ಇನ್ನು ಮೂಲ ವಿಧಾನಗಳು ಹೇಗೆ ಕಾಣುತ್ತವೆ?

ಎಚ್ಚಿಂಗ್‌ನಲ್ಲಿ ಶಾಯಿ ಕಾಗದದ ಮೇಲೆ ಉಬ್ಬಿ ನಿಂತಿರುತ್ತದೆ. ಟಾರ್ಚನ್ನು ಹಾಳೆಗೆ ಸಮಾನಾಂತರವಾಗಿ, ಪಕ್ಕದಿಂದ ಹಿಡಿಯಿರಿ. ದಟ್ಟ ಗೆರೆಗಳಿಗೆ ಸಣ್ಣ ನೆರಳು ಬೀಳುತ್ತದೆ. ಗೆರೆಗಳ ತುದಿ ಮೊಂಡಾಗಿರುತ್ತದೆ. ಉಳಿಯಿಂದ ನೇರವಾಗಿ ಕೆತ್ತಿದ ಎನ್‌ಗ್ರೇವಿಂಗ್ ಆದರೆ ಗೆರೆ ತುದಿಯಲ್ಲಿ ಸಣ್ಣಗಾಗುತ್ತಾ ಚೂಪಾಗುತ್ತದೆ. ಆಮ್ಲವಿಲ್ಲದೆ ಸೂಜಿಯಿಂದಲೇ ತಗಡನ್ನು ಗೀಚುವ ಡ್ರೈಪಾಯಿಂಟಿನ ಗೆರೆಯ ಪಕ್ಕದಲ್ಲಿ ಮಖಮಲ್ಲಿನಂಥ ಮಸುಕು ಇರುತ್ತದೆ: ಸೂಜಿ ಎಬ್ಬಿಸಿದ ಲೋಹದ ಸಿಪ್ಪೆ ಶಾಯಿಯನ್ನು ಹಿಡಿದಿಟ್ಟುಕೊಂಡದ್ದರ ಫಲ. ತಗಡು ಸವೆದಂತೆ ಈ ಮಸುಕೇ ಮೊದಲು ಮಾಯವಾಗುತ್ತದೆ. ಗೆರೆಯ ಬದಲು ಛಾಯೆ ಮೂಡಿಸುವ ಆಕ್ವಾಟಿಂಟ್ ಭಾಗದಲ್ಲಿ ಶಾಯಿಯ ಬಲೆಯ ನಡುವೆ ಅಸಂಖ್ಯ ಬಿಳಿಯ ನಡುಗಡ್ಡೆಗಳು ಕಾಣುತ್ತವೆ. ಅವುಗಳ ಆಕಾರಕ್ಕೆ ನಿಯಮವಿರುವುದಿಲ್ಲ.

ಲಿಥೋಗ್ರಾಫ್ ಚಪ್ಪಟೆ. ಕಲ್ಲಿನ ಮೇಲೆ ಮೇಣದ ಕಡ್ಡಿಯಿಂದ ಬರೆದ ಗೆರೆ ಭೂತಗನ್ನಡಿಯಲ್ಲಿ ಒರಟು ಕಣಗಳಾಗಿ ಒಡೆಯುತ್ತದೆ, ಆದರೆ ಆ ಕಣಗಳು ಸಾಲಿನಲ್ಲಿ ನಿಲ್ಲುವುದಿಲ್ಲ. ಬಣ್ಣಗಳಿದ್ದರೆ ಪ್ರತಿ ಬಣ್ಣವೂ ಬೇರೆ ಕಲ್ಲಿನಿಂದ ಬಂದ ಗಟ್ಟಿ ಪದರ. ಹಸಿರು ನಿಜವಾಗಿಯೂ ಹಸಿರು ಶಾಯಿಯೇ ಆಗಿರಬಹುದು, ಹಳದಿಯ ಮೇಲೆ ನೀಲಿಯನ್ನು ಒತ್ತಿದ್ದೂ ಆಗಿರಬಹುದು, ಚುಕ್ಕೆಗಳ ಬೆರಕೆಯಾಗಿರಬಾರದು.

ಪಿಕಾಸೊ 1950ರ ದಶಕದ ಕೊನೆಯಿಂದ ದಕ್ಷಿಣ ಫ್ರಾನ್ಸಿನ ವಲ್ಲೋರಿಸಿನ ಆರ್ನೆರಾ ಮುದ್ರಣಾಲಯದೊಡನೆ ಮಾಡಿದ ಲಿನೋಕಟ್‌ಗಳಲ್ಲಿ (ಲಿನೋಲಿಯಂ ಹಾಳೆಯನ್ನು ಕೆತ್ತಿ ಒತ್ತಿದ ಚಿತ್ರಗಳು) ಒತ್ತಡಕ್ಕೆ ಶಾಯಿ ಅಂಚಿಗೆ ಸರಿದು ತೆಳುವಾದ ಗಾಢ ಗೆರೆ ಉಂಟಾಗಿರುವುದನ್ನು ಹುಡುಕಿ.

ಜಾಲರಿಯ ಮೂಲಕ ಶಾಯಿ ಒತ್ತುವ ಸ್ಕ್ರೀನ್‌ಪ್ರಿಂಟ್ ವಿಷಯದಲ್ಲಿ ಒಂದು ಎಚ್ಚರ. ವಾರ್ಹಾಲ್ ಫೋಟೋಗಳನ್ನೇ ಜಾಲರಿಗೆ ಇಳಿಸಿ ಮುದ್ರಿಸಿದವನು. ಲಿಕ್ಟೆನ್‌ಸ್ಟೈನ್ ಚುಕ್ಕೆಗಳನ್ನೇ ಚಿತ್ರದ ಭಾಷೆ ಮಾಡಿಕೊಂಡವನು. ಹಾಗಾಗಿ ಚುಕ್ಕೆ ಕಂಡ ಮಾತ್ರಕ್ಕೆ ನಕಲಿ ಎನ್ನಬೇಡಿ. ಆ ಚುಕ್ಕೆಗಳು ದೊಡ್ಡವು, ಒಂದೇ ಬಣ್ಣದ ದಪ್ಪ ಶಾಯಿಯವು. ಅವುಗಳ ಒಳಗೆ ಮತ್ತೆ ನಾಲ್ಕು ಬಣ್ಣದ ಸಣ್ಣ ಚುಕ್ಕೆಗಳು ಕಂಡರೆ ಮಾತ್ರ ಅದು ಪ್ರತಿಯ ಪ್ರತಿ.

ಆಫ್‌ಸೆಟ್ ಚುಕ್ಕೆ ಇಲ್ಲವೆಂದ ಕೂಡಲೇ ಗೆದ್ದಂತೆಯೂ ಅಲ್ಲ. ಕಲಿತವರೂ ಎಡವುವುದು ಇಲ್ಲಿಯೇ. ಕೊಲೋಟೈಪ್ (ಜೆಲಟಿನ್ ಲೇಪದಿಂದ ಫೋಟೋ ಅಚ್ಚು ಹಾಕುವ) ವಿಧಾನದ ಪ್ರತಿಗಳಲ್ಲಿ ಚುಕ್ಕೆಯ ಬದಲು ಹುಳುವಿನಂತೆ ಸುತ್ತಿದ ಸೂಕ್ಷ್ಮ ಸುಕ್ಕುಗಳಿರುತ್ತವೆ. ಇಂಕ್‌ಜೆಟ್‌ನಲ್ಲಿ ಎರಚಿದಂಥ ಅತಿ ಸಣ್ಣ ಹನಿಗಳು. ಇವೆಲ್ಲಕ್ಕಿಂತ ಮೋಸಗೊಳಿಸುವುದು ಹೆಲಿಯೋಗ್ರಾವ್ಯೂರ್. ಫೋಟೋ ಮೂಲಕ ತಾಮ್ರದ ತಗಡನ್ನು ಕೊರೆದು, ನಿಜವಾದ ಎಚ್ಚಿಂಗ್ ಯಂತ್ರದಲ್ಲೇ ಒತ್ತುವುದರಿಂದ ಶಾಯಿಯ ಉಬ್ಬು, ತಗಡಿನ ಗುರುತು ಎರಡೂ ಇರುತ್ತವೆ. ಪೆನ್ಸಿಲಿನಂಥ ತೆಳು ಗೆರೆಯ ಒಳಗೂ ಒಂದೇ ಸಮನಾದ ನುಣುಪು ಕಣಗಳು ಹರಡಿದ್ದರೆ ಸಂಶಯಪಡಿ. ಸೂಜಿಯಿಂದ ಎಳೆದ ಗೆರೆಯೊಳಗೆ ಕಣ ಇರಬೇಕಾಗಿಲ್ಲ.

ಕೈಯಲ್ಲಿ ಮಾಡಿದ ಅಚ್ಚು ಹೇಗಿರುತ್ತದೆಂದು ಒಮ್ಮೆಯಾದರೂ ಹತ್ತಿರದಿಂದ ನೋಡದೆ ಈ ಹಂತ ಮೈಗೂಡುವುದಿಲ್ಲ. ಬೆಂಗಳೂರಿನವರಾದರೆ ಚಿತ್ರಕಲಾ ಪರಿಷತ್ತಿನ ಮುದ್ರಣಕಲೆಯ ವಿದ್ಯಾರ್ಥಿಗಳ ಪ್ರದರ್ಶನಕ್ಕೆ ಹೋಗಿ, ಅನುಮತಿ ಕೇಳಿ ಭೂತಗನ್ನಡಿ ಹಿಡಿಯಿರಿ. ಯಾರ ಕೃತಿಯೆಂಬುದು ಇಲ್ಲಿ ಮುಖ್ಯವಲ್ಲ. ಆಮ್ಲ ಕೊರೆದ ಗೆರೆ ಪ್ಯಾರಿಸ್ಸಿನಲ್ಲೂ ಕುಮಾರಕೃಪಾ ರಸ್ತೆಯಲ್ಲೂ ಒಂದೇ ತೆರನಾಗಿ ವರ್ತಿಸುತ್ತದೆ.

## ಹಂತ 3: ತಗಡಿನ ಗುರುತು

ಎಚ್ಚಿಂಗ್, ಡ್ರೈಪಾಯಿಂಟ್, ಆಕ್ವಾಟಿಂಟ್‌ಗಳಲ್ಲಿ ಚಿತ್ರದ ಸುತ್ತ ಆಯತಾಕಾರದ ತಗ್ಗು ಇರಬೇಕು. ತಗಡಿನ ಅಂಚು ಕಾಗದಕ್ಕೆ ಒತ್ತಿದ ಗುರುತು ಅದು. ಮೂಲೆಗಳು ಸಾಮಾನ್ಯವಾಗಿ ತುಸು ದುಂಡಗಿರುತ್ತವೆ. ಅಂಚಿನಲ್ಲಿ ಒರೆಸದೆ ಉಳಿದ ಶಾಯಿಯ ಎಳೆ ಇರಬಹುದು. ಹಿಂಬದಿಯಿಂದಲೂ ಇದು ತಿಳಿಯಬೇಕು.

ನಕಲಿಗಳಲ್ಲಿ ಆಫ್‌ಸೆಟ್ ಚಿತ್ರದ ಸುತ್ತ ಖಾಲಿ ತಗಡನ್ನು ಒತ್ತಿ ಈ ಗುರುತನ್ನು ಸೃಷ್ಟಿಸುತ್ತಾರೆ. ಆದ್ದರಿಂದಲೇ ಶಾಯಿಯ ಪರೀಕ್ಷೆ ಮೊದಲು, ತಗಡಿನ ಗುರುತು ಆಮೇಲೆ. ‘ಲಿಥೋಗ್ರಾಫ್’ ಎಂದು ಮಾರುವ ಹಾಳೆಯಲ್ಲಿ ತಗಡಿನ ಆಳವಾದ ಗುರುತಿದ್ದರೆ ವಿವರಣೆ ಕೇಳಿ.

ಗುರುತಾಗಲಿ ಅಂಚಾಗಲಿ ಇಲ್ಲದಿದ್ದರೆ ಹಾಳೆಯನ್ನು ಕತ್ತರಿಸಿದ್ದಾರೆಂದು ಅರ್ಥ, ಬೆಲೆ ಬಹಳ ಇಳಿಯಬೇಕು. ಆದರೆ ಹತ್ತೊಂಬತ್ತನೆಯ ಶತಮಾನದ ಅಮೆರಿಕದ ಕಲಾವಿದ ವಿಸ್ಲರ್ ಇದಕ್ಕೆ ಹೊರತು. ಅವನು 1880ರ ವೆನಿಸ್ ಸರಣಿಯ ಕಾಲದಿಂದ ತನ್ನ ಎಚ್ಚಿಂಗ್‌ಗಳನ್ನು ತಗಡಿನ ಗಡಿಗೆ ಸರಿಯಾಗಿ ತಾನೇ ಕತ್ತರಿಸಿ, ಕೆಳಗೆ ಒಂದು ಸಣ್ಣ ನಾಲಿಗೆಯಷ್ಟು ಕಾಗದ ಮಾತ್ರ ಉಳಿಸಿ, ಅದರ ಮೇಲೆ ಚಿಟ್ಟೆಯ ಚಿಹ್ನೆ ಬರೆಯುತ್ತಿದ್ದ. ಅಂಚಿಲ್ಲವೆಂದು ಇಂಥ ಹಾಳೆಯನ್ನು ಬಿಟ್ಟುಬಂದವರ ಬಗ್ಗೆ ನನಗೆ ನಿಜವಾಗಿ ಮರುಕವಾಗುತ್ತದೆ.

## ಹಂತ 4: ಕಾಗದ

ಹಾಳೆಯನ್ನು ಎರಡೂ ಕೈಗಳಲ್ಲಿ, ಎದುರಿನ ಮೂಲೆಗಳಿಂದ ಹಿಡಿದು ಕಿಟಕಿಯ ಬೆಳಕಿಗೆ ಎತ್ತಿ. ವಾಟರ್‌ಮಾರ್ಕ್ ಇದ್ದರೆ ಅಕ್ಷರ ಅಕ್ಷರವಾಗಿ ಬರೆದುಕೊಳ್ಳಿ. ಆರ್ಶ್, ರೀವ್, ಮೊಂವಾಲ್, ವ್ಯಾನ್ ಗೆಲ್ಡರ್ ಎಂಬ ಕಾಗದಗಳ ಹೆಸರುಗಳು ಆಗಾಗ ಸಿಗುತ್ತವೆ. ಹೆಸರು ಸಿಕ್ಕಿತೆಂದು ಸಂಭ್ರಮಿಸಬೇಡಿ. ಆರ್ಶ್ ಕಾಗದವನ್ನು ಇಂದೂ ಯಾರು ಬೇಕಾದರೂ ಅಂಗಡಿಯಲ್ಲಿ ಕೊಳ್ಳಬಹುದು. ನೋಡಬೇಕಾದದ್ದು ಈ ಕೃತಿ ಈ ಕಾಗದದ ಮೇಲೆ ಮುದ್ರಣಗೊಂಡಿತ್ತೇ ಎಂಬುದನ್ನು.

ಪ್ಯಾರಿಸ್ಸಿನ ಕಲಾವ್ಯಾಪಾರಿ ವೊಲ್ಲಾರ್‌ನ ಹೆಸರಿನಿಂದ ಕರೆಯುವ ಪಿಕಾಸೊನ ವೊಲ್ಲಾರ್ ಸರಣಿಯನ್ನೇ ತೆಗೆದುಕೊಳ್ಳಿ. 1930ರಿಂದ 1937ರವರೆಗೆ ಮಾಡಿದ ನೂರು ತಗಡುಗಳಿವು. ಮುದ್ರಿಸಿದವನು ರೋಜೆ ಲಾಕೂರಿಯೇರ್. ಚಿಕ್ಕ ಹಾಳೆಯ ಆವೃತ್ತಿ ಸುಮಾರು 34 x 44.5 ಸೆಂಟಿಮೀಟರಿನ ಮೊಂವಾಲ್ ಕಾಗದದ್ದು. ಆ ಕಾಗದದಲ್ಲಿ ‘ಪಿಕಾಸೊ’ ಅಥವಾ ‘ವೊಲ್ಲಾರ್’ ಎಂಬ ವಾಟರ್‌ಮಾರ್ಕ್ ಇರುತ್ತದೆ. ಈ ಸರಣಿಯದೆಂದು ಹೇಳುವ ಹಾಳೆಯಲ್ಲಿ ಆರ್ಶ್ ಗುರುತು ಕಂಡರೆ ಮುಂದಿನ ಹಂತ ಬೇಕಿಲ್ಲ.

ಆರ್ಶ್ ಕಾಗದದಲ್ಲಿಯೂ ಕಾಲ ಹೇಳುವ ಒಂದು ಸುಳಿವಿದೆ: 1980ರಿಂದೀಚಿನ ಹಾಳೆಗಳ ವಾಟರ್‌ಮಾರ್ಕಿನಲ್ಲಿ ಅನಂತತೆಯ ∞ ಚಿಹ್ನೆ ಸೇರಿದೆ. 1960ರ ದಶಕದ್ದೆನ್ನುವ ಡಾಲಿ ಎಚ್ಚಿಂಗ್‌ನಲ್ಲಿ ಆ ಚಿಹ್ನೆ ಇದ್ದರೆ ಅದು ಆ ದಶಕದ್ದಾಗಿರಲು ಸಾಧ್ಯವೇ ಇಲ್ಲ.

ಈಗ ಕೋಣೆಯನ್ನು ಕತ್ತಲು ಮಾಡಿ ಅತಿನೇರಳೆ ಟಾರ್ಚ್ ಹಿಡಿಯಿರಿ. ಕಾಗದಕ್ಕೆ ಹೊಳಪು ಕೊಡುವ ರಾಸಾಯನಿಕಗಳು ಬಳಕೆಗೆ ಬಂದದ್ದು ಸುಮಾರು 1950ರ ನಂತರ. ಅವುಗಳಿರುವ ಕಾಗದ ಕಣ್ಣು ಕುಕ್ಕುವ ನೀಲಿ ಬಿಳುಪಿನಲ್ಲಿ ಹೊಳೆಯುತ್ತದೆ. 1904ರ ಪಿಕಾಸೊ ಅಥವಾ 1921ರ ಎಡ್ವರ್ಡ್ ಹಾಪರ್ ಹಾಗೆ ಹೊಳೆಯಬಾರದು. ಆದರೆ ಹೊಳೆಯದಿರುವುದೇ ಅಸಲಿತನದ ಸಾಕ್ಷಿಯಲ್ಲ, ಏಕೆಂದರೆ ಹಳೆಯ ಖಾಲಿ ಕಾಗದವನ್ನು ಹುಡುಕಿ ತರುವ ನಕಲಿಕೋರರಿದ್ದಾರೆ.

## ಹಂತ 5: ಅಳೆಯಿರಿ, ಕ್ಯಾಟಲಾಗಿಗೆ ಹೋಲಿಸಿ

ಪ್ರಸಿದ್ಧ ಕಲಾವಿದರ ಪ್ರತಿಯೊಂದು ಅಚ್ಚುಚಿತ್ರವನ್ನೂ ಅಳತೆ, ಕಾಗದ, ಪ್ರತಿಗಳ ಸಂಖ್ಯೆ, ತಗಡು ಬದಲಾದ ಹಂತಗಳ ಸಹಿತ ಪಟ್ಟಿಮಾಡಿದ ಸಮಗ್ರ ಕ್ಯಾಟಲಾಗುಗಳಿವೆ. ಅವುಗಳನ್ನು ಕರೆಯುವುದು ಸಿದ್ಧಪಡಿಸಿದವರ ಹೆಸರಿನಿಂದ: ಪಿಕಾಸೊಗೆ ಬ್ಲಾಕ್ ಮತ್ತು ಬೇರ್, ಅವನ ಲಿಥೋಗ್ರಾಫ್‌ಗಳಿಗೆ ಮೂರ್ಲೋ, ಶಗಾಲನ ಲಿಥೋಗ್ರಾಫ್‌ಗಳಿಗೂ ಮೂರ್ಲೋ, ಮಿರೋನ ಎಚ್ಚಿಂಗ್‌ಗಳಿಗೆ ದ್ಯುಪ್ಯಾಂ, ವಾರ್ಹಾಲ್‌ಗೆ ಫೆಲ್ಡ್‌ಮನ್ ಮತ್ತು ಶೆಲ್‌ಮನ್, ಹಾಪರ್‌ಗೆ ಲೆವಿನ್. ‘ಬ್ಲಾಕ್ 1’ (ಬ್ಲಾಕ್ ಕ್ಯಾಟಲಾಗಿನ ಮೊದಲನೆಯದು) ಎಂಬಂಥ ಸಂಖ್ಯೆ ಹರಾಜಿನ ವಿವರಣೆಯಲ್ಲಿ ಇರಲೇಬೇಕು. ವಿಸ್ಲರ್‌ನ ಎಚ್ಚಿಂಗ್‌ಗಳ ಕ್ಯಾಟಲಾಗನ್ನು ಗ್ಲಾಸ್ಗೋ ವಿಶ್ವವಿದ್ಯಾಲಯ ಅಂತರ್ಜಾಲದಲ್ಲಿ ಉಚಿತವಾಗಿ ಇಟ್ಟಿದೆ. ಕಲಿಯಲು ಅದಕ್ಕಿಂತ ಒಳ್ಳೆಯ ಜಾಗವನ್ನು ನಾನು ಸೂಚಿಸಲಾರೆ.

ಅಳೆಯುವಾಗ ಹಾಳೆಯನ್ನಲ್ಲ, ತಗಡಿನ ಗುರುತನ್ನು ಅಳೆಯಿರಿ. ಎತ್ತರ ಮೊದಲು, ಅಗಲ ಆಮೇಲೆ. ಒದ್ದೆ ಕಾಗದದ ಮೇಲೆ ಮುದ್ರಿಸುವುದರಿಂದ ಒಣಗಿದಾಗ ಅದು ಕುಗ್ಗುತ್ತದೆ. ಎರಡು ಮೂರು ಮಿಲಿಮೀಟರ್ ವ್ಯತ್ಯಾಸ ಸಹಜ. ಒಂದು ಸೆಂಟಿಮೀಟರ್ ವ್ಯತ್ಯಾಸ ಸಹಜವಲ್ಲ.

ಒಂದೇ ತಗಡಿಗೆ ಎಷ್ಟು ಜೀವಗಳಿರಬಹುದು ಎಂಬುದಕ್ಕೆ ಪಿಕಾಸೊನ 1904ರ ‘ಬಡವರ ಊಟ’ ಎಚ್ಚಿಂಗ್ ನೋಡಿ. ಬೇರೊಬ್ಬರು ಭೂದೃಶ್ಯ ಕೊರೆದಿದ್ದ ಹಳೆಯ ಸತುವಿನ ತಗಡನ್ನು ಹೆರೆದು ಅವನು ಅದನ್ನು ಮಾಡಿದ. ಆರಂಭದಲ್ಲಿ ತೆಗೆದ ಕೆಲವೇ ಪ್ರತಿಗಳು ಒಂದು ಬಗೆ. 1913ರಲ್ಲಿ ವೊಲ್ಲಾರ್ ತಗಡಿಗೆ ಉಕ್ಕಿನ ಲೇಪ ಹಾಕಿಸಿ ವ್ಯಾನ್ ಗೆಲ್ಡರ್ ಕಾಗದದ ಮೇಲೆ ತೆಗೆಸಿದ 250 ಪ್ರತಿಗಳು ಇನ್ನೊಂದು ಬಗೆ. ಎರಡೂ ಅಸಲಿ, ಆದರೆ ಬೆಲೆಯಲ್ಲಿ ಅಜಗಜಾಂತರ. ಮೊದಲನೆಯದರ ಬೆಲೆಗೆ ಎರಡನೆಯದನ್ನು ಕೊಳ್ಳುವುದು ನಕಲಿ ಕೊಂಡಷ್ಟೇ ದೊಡ್ಡ ನಷ್ಟ.

ಜರ್ಮನಿಯ ಕಲಾವಿದೆ ಕ್ಯಾಥೆ ಕೊಲ್‌ವಿಟ್ಸ್ 1945ರಲ್ಲಿ ತೀರಿಕೊಂಡಳು. ಅವಳ ತಗಡುಗಳಿಂದ ಪ್ರತಿ ತೆಗೆಯುವುದು ಆಮೇಲೆಯೂ ಮುಂದುವರಿಯಿತು. ಗೆರೆಗಳು ಮಂಕಾಗಿ, ಕಪ್ಪು ಬಣ್ಣ ಬೂದಿ ಬಣ್ಣಕ್ಕೆ ತಿರುಗಿದ್ದರೆ ಯಾವ ಕಾಲದ ಪ್ರತಿಯೆಂದು ಕೇಳಿ, ಉತ್ತರವನ್ನು ಬರೆಹದಲ್ಲಿ ಪಡೆಯಿರಿ.

## ಹಂತ 6: ಸಂಖ್ಯೆಗಳು

ಎಡಗಡೆಯ ಕೆಳಗೆ 23/75 ಎಂದಿದ್ದರೆ 75 ಪ್ರತಿಗಳ ಆವೃತ್ತಿಯಲ್ಲಿ 23ನೆಯದು. ಇದು ಮುದ್ರಣದ ಕ್ರಮವೇ ಆಗಿರಬೇಕಿಲ್ಲ, ಹಾಗಾಗಿ ಚಿಕ್ಕ ಸಂಖ್ಯೆಗೆ ಹೆಚ್ಚು ಹಣ ಕೊಡಬೇಡಿ. ‘ಇ.ಎ.’ ಅಥವಾ ‘ಎ.ಪಿ.’ ಎಂದರೆ ಕಲಾವಿದನ ಪ್ರತಿ, ‘ಎಚ್.ಸಿ.’ ಎಂದರೆ ಮಾರಾಟಕ್ಕಲ್ಲದ ಪ್ರತಿ. ಇಂಥವು ಆವೃತ್ತಿಯ ಸಣ್ಣ ಪಾಲು ಮಾತ್ರ ಇರಬೇಕು. ಒಬ್ಬನೇ ಮಾರಾಟಗಾರನ ಬಳಿ ಒಂದೇ ಚಿತ್ರದ ‘ಎಚ್.ಸಿ.’ ಪ್ರತಿಗಳು ಮತ್ತೆ ಮತ್ತೆ ಕಾಣಿಸಿಕೊಂಡರೆ ದೂರವಿರಿ.

ಸಂಖ್ಯೆ ಕ್ಯಾಟಲಾಗಿಗೆ ಹೊಂದಬೇಕು. ಕ್ಯಾಟಲಾಗು 50 ಎಂದಿದ್ದು ಹಾಳೆ 300 ಎಂದರೆ ಹಾಳೆ ಸುಳ್ಳು. ಸಂಖ್ಯೆಯೇ ಇಲ್ಲದ ಆವೃತ್ತಿಗಳೂ ಬೇಕಾದಷ್ಟಿವೆ. ಸಂಖ್ಯೆಯಿಲ್ಲ ಎಂಬುದು ದೋಷವಲ್ಲ.

## ಹಂತ 7: ಈಗ ಸಹಿ

ಮೊದಲು ಸಹಿ ಎಲ್ಲಿದೆ ನೋಡಿ. ತಗಡಿನಲ್ಲೋ ಕಲ್ಲಿನಲ್ಲೋ ಕಲಾವಿದ ಬರೆದದ್ದು ಚಿತ್ರದ ಭಾಗ. ಎಲ್ಲ ಪ್ರತಿಗಳಲ್ಲೂ ಇರುತ್ತದೆ, ಅದಕ್ಕೆ ಬೇರೆ ಬೆಲೆಯಿಲ್ಲ. ಕೈ ಸಹಿ ಸಾಮಾನ್ಯವಾಗಿ ಹಾಳೆಯ ಅಂಚಿನಲ್ಲಿ ಪೆನ್ಸಿಲಿನಲ್ಲಿರುತ್ತದೆ. ಓರೆ ಬೆಳಕಿನಲ್ಲಿ ಪೆನ್ಸಿಲಿನ ಸೀಸ ಮಿನುಗುತ್ತದೆ, ಕಾಗದ ಸ್ವಲ್ಪ ಒತ್ತಿರುತ್ತದೆ. ಮಿನುಗದೆ, ಚುಕ್ಕೆಗಳಾಗಿ ಒಡೆದರೆ ಅದು ಮುದ್ರಿಸಿದ ಸಹಿ.

ನಂತರ ಕೇಳಬೇಕಾದ ಪ್ರಶ್ನೆ: ಈ ಆವೃತ್ತಿಗೆ ಸಹಿ ಇರಬೇಕೇ? ಶಗಾಲನ ಲಿಥೋಗ್ರಾಫ್‌ಗಳಿರುವ ‘ವರ್ವ್’ ಪತ್ರಿಕೆಯ 1956 ಮತ್ತು 1960ರ ಬೈಬಲ್ ಸಂಚಿಕೆಗಳು ಮೂರ್ಲೋ ಮುದ್ರಣಾಲಯದಲ್ಲಿ ಸಾವಿರಾರು ಪ್ರತಿಗಳಲ್ಲಿ ಅಚ್ಚಾದವು, ಸಹಿಯಿಲ್ಲದೆ. ಮೇಗ್ ಗ್ಯಾಲರಿಯ ‘ದೆರಿಯೇರ್ ಲ ಮಿರ್ವಾರ್’ ಪತ್ರಿಕೆಯೊಳಗಿನ ಲಿಥೋಗ್ರಾಫ್‌ಗಳಿಗೂ ಸಹಿಯಿಲ್ಲ. ಎರಡು ಪುಟದ ಚಿತ್ರಗಳಲ್ಲಿ ನಡುವೆ ಮಡಿಕೆಯ ಗುರುತು ಇರುತ್ತದೆ. ಇವೆಲ್ಲ ಅಸಲಿ ಲಿಥೋಗ್ರಾಫ್‌ಗಳೇ, ಕಡಿಮೆ ಬೆಲೆಗೆ ಸಿಗುವ ಸುಂದರ ಹಾಳೆಗಳು. ಇವುಗಳ ಮೇಲೆ ಪೆನ್ಸಿಲ್ ಸಹಿಯೂ 12/50 ಎಂಬಂಥ ಸಂಖ್ಯೆಯೂ ಕಂಡರೆ, ಅಸಲಿ ಹಾಳೆಯನ್ನು ಯಾರೋ ಕೆಡಿಸಿದ್ದಾರೆ ಎಂದೇ ತಿಳಿಯಿರಿ.

ವೊಲ್ಲಾರ್ ಸರಣಿಯಲ್ಲಿ ಪ್ರಶ್ನೆ ಇನ್ನೂ ಸೂಕ್ಷ್ಮ. 1939ರಲ್ಲಿ ವೊಲ್ಲಾರ್ ಸತ್ತ ಮೇಲೆ ಹಾಳೆಗಳು ಆಂರಿ ಪೆತಿಯೇ ಎಂಬ ವ್ಯಾಪಾರಿಯ ಕೈಸೇರಿದವು. ಪಿಕಾಸೊ ಕೆಲವಕ್ಕೆ ವರ್ಷಗಳ ನಂತರ ಸಹಿ ಹಾಕಿದ, ಕೆಲವಕ್ಕೆ ಹಾಕಲಿಲ್ಲ. ಹಾಗಾಗಿ ಎರಡೂ ಬಗೆ ಅಸಲಿ, ಮತ್ತು ಸಹಿಯಿಲ್ಲದ್ದಕ್ಕೆ ಸಹಿ ಸೇರಿಸುವ ಆಸೆಗೆ ಕಾರಣವೂ ಇದೇ. ನನ್ನ ಅಭಿಪ್ರಾಯ ಸ್ಪಷ್ಟ: ಸಂಶಯದ ಸಹಿಯಿರುವ ಹಾಳೆಗಿಂತ ಸಹಿಯಿಲ್ಲದ ಒಳ್ಳೆಯ ಪ್ರತಿಯನ್ನೇ ಕೊಳ್ಳಿ.

ಡಾಲಿಯ ವಿಷಯದಲ್ಲಿ ಸಹಿ ನಿಜವಾಗಿದ್ದರೂ ಸಾಲದು. ಅವನು ಖಾಲಿ ಹಾಳೆಗಳಿಗೇ ಸಹಿ ಹಾಕಿಕೊಟ್ಟ. 1974ರಲ್ಲಿ ಅಂಡೋರಾಕ್ಕೆ ಹೊರಟಿದ್ದ ವಾಹನವೊಂದರಲ್ಲಿ ಅಂಥ ಸುಮಾರು 40,000 ಹಾಳೆಗಳನ್ನು ಫ್ರಾನ್ಸಿನ ಕಸ್ಟಮ್ಸ್ ಅಧಿಕಾರಿಗಳು ಕಂಡರು. ಹೊಸದಾಗಿ ಸಂಗ್ರಹ ಆರಂಭಿಸುವವರಿಗೆ ಡಾಲಿ ಬೇಡವೆಂದೇ ಹೇಳುತ್ತೇನೆ.

ವಾರ್ಹಾಲ್‌ನ 1967ರ ಮರ್ಲಿನ್ ಸರಣಿಯ ಹಿಂಬದಿಯನ್ನು ನೋಡಿ. ಹತ್ತು ಚಿತ್ರಗಳು, ಪ್ರತಿಯೊಂದರ ಆವೃತ್ತಿ 250, ಸಂಖ್ಯೆ ಹಿಂಬದಿಯಲ್ಲಿ ರಬ್ಬರ್ ಮೊಹರಿನಲ್ಲಿ. 1970ರಿಂದ ‘ಸಂಡೇ ಬಿ. ಮಾರ್ನಿಂಗ್’ ಹೆಸರಿನಲ್ಲಿ ಅದೇ ಗಾತ್ರದ ಬೇರೆ ಪ್ರತಿಗಳು ಬಂದವು. ಅವುಗಳ ಹಿಂಬದಿಯ ಮೊಹರು ‘ನಿಮ್ಮದೇ ಸಹಿ ಹಾಕಿಕೊಳ್ಳಿ’ ಎನ್ನುತ್ತದೆ. ಚೌಕಟ್ಟಿನ ಹಿಂದೆ ಈ ವ್ಯತ್ಯಾಸ ಅಡಗಿಹೋಗುತ್ತದೆ.

ಇನ್ನೊಂದು: ಶಗಾಲನ ಹೆಸರಿನ ಹಾಳೆಯ ಮೂಲೆಯಲ್ಲಿ ಶಾರ್ಲ್ ಸೋರ್ಲಿಯೇ ಹೆಸರು ಅಚ್ಚಾಗಿದ್ದರೆ, ಶಗಾಲನ ಚಿತ್ರವನ್ನು ನೋಡಿ ಸೋರ್ಲಿಯೇ ಕಲ್ಲಿಗೆ ಇಳಿಸಿದ್ದಾನೆಂದು ಅರ್ಥ. ವಿವರಣೆಯಲ್ಲಿ ‘ಶಗಾಲನನ್ನು ಆಧರಿಸಿ’ ಎಂದಿರಬೇಕು, ಬೆಲೆಯೂ ಅದಕ್ಕೆ ತಕ್ಕಂತಿರಬೇಕು.

## ಹಂತ 8: ಹಾನಿಯ ಲೆಕ್ಕ

ಅಸಲಿ ಎಂದು ಖಚಿತವಾದ ಮೇಲೆ ಮಾತ್ರ ಇದು. ರಟ್ಟಿನ ಕಿಟಕಿಯ ಆಕಾರದಲ್ಲಿ ಕಂದು ಪಟ್ಟಿ, ಬಿಸಿಲಿಗೆ ಮಾಸಿದ ಬಣ್ಣ, ಕಂದು ಚುಕ್ಕೆಗಳು, ರಟ್ಟಿಗೆ ಪೂರ್ತಿ ಅಂಟಿಸಿದ ಹಾಳೆ. ಕೊನೆಯದು ಎಲ್ಲಕ್ಕಿಂತ ಕೆಟ್ಟದ್ದು. ಅತಿ ಬೆಳ್ಳಗಿನ ಹಳೆಯ ಕಾಗದ ಕಂಡರೆ ಬ್ಲೀಚ್ ಮಾಡಿದ್ದಾರೆಯೇ ಎಂದು ಕೇಳಿ.

ಮನೆಗೆ ತಂದ ಮೇಲೆ ಆಮ್ಲರಹಿತ ರಟ್ಟು, ಅತಿನೇರಳೆ ತಡೆಯುವ ಗಾಜು, ಗಾಜಿಗೂ ಹಾಳೆಗೂ ನಡುವೆ ಅಂತರ ಇರಲಿ. ಮಂಗಳೂರು, ಉಡುಪಿ, ಕಾರವಾರದವರು ಮಳೆಗಾಲದಲ್ಲಿ ಹೊರಗೋಡೆಗೆ ತೂಗುಹಾಕಬೇಡಿ; ಆ ಗೋಡೆಯ ತೇವಕ್ಕೆ ಚೌಕಟ್ಟಿನೊಳಗೇ ಬೂಷ್ಟು ಹಿಡಿಯುತ್ತದೆ. ಸೆಲ್ಲೋಟೇಪು ಯಾವ ಕಾರಣಕ್ಕೂ ಬೇಡ.

## ಹಂತ 9: ರಸೀದಿ ಮತ್ತು ಕಸ್ಟಮ್ಸ್

‘ಸರ್ಟಿಫಿಕೇಟ್’ ಎಂಬ ಹೊಳೆಯುವ ಕಾಗದಕ್ಕೆ ತನ್ನಷ್ಟಕ್ಕೆ ಬೆಲೆಯಿಲ್ಲ. 2008ರಲ್ಲಿ ಷಿಕಾಗೊದಲ್ಲಿ ಅಮೆರಿಕದ ಅಧಿಕಾರಿಗಳು ಪಿಕಾಸೊ, ಶಗಾಲ್, ಮಿರೋ, ಡಾಲಿ, ವಾರ್ಹಾಲ್ ಹೆಸರಿನ ನಕಲಿ ಅಚ್ಚುಗಳ ದೊಡ್ಡ ಜಾಲದ ಮೇಲೆ ಮೊಕದ್ದಮೆ ಹೂಡಬೇಕಾಯಿತು. ಬೇಕಾದದ್ದು ರಸೀದಿ. ಅದರಲ್ಲಿ ಕಲಾವಿದನ ಹೆಸರು, ಕೃತಿ, ವರ್ಷ, ವಿಧಾನ, ಕ್ಯಾಟಲಾಗಿನ ಸಂಖ್ಯೆ, ಆವೃತ್ತಿ, ಕಾಗದ, ಸಹಿ ಕೈಯದೋ ಅಲ್ಲವೋ, ಅಸಲಿಯಲ್ಲದಿದ್ದರೆ ಎಷ್ಟು ದಿನದೊಳಗೆ ಹಣ ವಾಪಸು ಎಂಬುದೆಲ್ಲ ಇರಲಿ. ಇಷ್ಟು ಬರೆದುಕೊಡಲು ಒಪ್ಪದವರಿಂದ ಕೊಳ್ಳಬೇಡಿ.

ಭಾರತಕ್ಕೆ ತರಿಸುವವರಿಗೆ ಈ ರಸೀದಿ ಇನ್ನೊಂದು ಕೆಲಸಕ್ಕೂ ಬರುತ್ತದೆ. ಸುಂಕದ ಪಟ್ಟಿಯಲ್ಲಿ ಮೂಲ ಎಚ್ಚಿಂಗ್, ಲಿಥೋಗ್ರಾಫ್‌ಗಳು 9702ರ ಅಡಿ ಬರುತ್ತವೆ. ಕಲಾವಿದ ಪೂರ್ತಿ ಕೈಯಿಂದಲೇ ಸಿದ್ಧಪಡಿಸಿದ ತಗಡು ಅಥವಾ ಕಲ್ಲಿನಿಂದ ನೇರವಾಗಿ ಒತ್ತಿದ್ದಾಗಿರಬೇಕು, ಯಾಂತ್ರಿಕ ಅಥವಾ ಫೋಟೋ ಯಾಂತ್ರಿಕ ವಿಧಾನ ಇರಬಾರದು ಎಂಬುದು ಅದರ ಷರತ್ತು. ಅಚ್ಚು ಹಾಕಿದ ಸಾಮಾನ್ಯ ಚಿತ್ರಗಳು 4911ರ ಅಡಿ ಹೋಗುತ್ತವೆ. ಪಾರ್ಸೆಲ್ ಮೇಲೆ ಬರೀ ‘ಪ್ರಿಂಟ್’ ಎಂದು ಬರೆದು ಕಳಿಸುವ ವಿದೇಶಿ ಅಂಗಡಿಗಳು ಬಹಳ. ವಿಧಾನ, ವರ್ಷ, ಕ್ಯಾಟಲಾಗಿನ ಸಂಖ್ಯೆ ಮತ್ತು 9702 ಎಂಬ ಶೀರ್ಷಿಕೆಯನ್ನು ರಸೀದಿಯಲ್ಲೂ ಪಾರ್ಸೆಲ್ ಘೋಷಣೆಯಲ್ಲೂ ಒಂದೇ ರೀತಿ ಬರೆಸಿ, ಅಂದಿನ ಸುಂಕದ ದರವನ್ನು ಕಸ್ಟಮ್ಸ್ ಏಜೆಂಟರಿಂದ ಮೊದಲೇ ತಿಳಿದುಕೊಂಡು, ಆಮೇಲೆ ಹಣ ಕಳಿಸಿ.